ಬೈದು ಕೊಟ್ಟ ಲಿಂಕ್

ಅಂಗಡಿಯ ಹಿಂದಿನ ಕೋಣೆ,
ಭಾನುವಾರ, ಜೂನ್ ೮

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕತ್ತು ನೋವು ಕಡಿಮೆಯಾಯಿತೇ? ಕಂಪ್ಯೂಟರ್ ಮುಂದೆ ಬೆನ್ನು ಬಾಗಿಸಿ ಕೂರಬೇಡ, ದಿಂಬು ತೆಳ್ಳಗಿರಲಿ, ತಲೆಸ್ನಾನ ಮಾಡಿ ಹಸಿ ಕೂದಲಲ್ಲೇ ಆಫೀಸಿಗೆ ಓಡಬೇಡ ಎಂದು ಅಮ್ಮ ಹೇಳಿಸಿದ್ದಾಳೆ. ಈ ವಿಷಯದಲ್ಲಿ ನಾನು ಬರೀ ಅಂಚೆಯವನು, ನನ್ನ ಮೇಲೆ ರೇಗಬೇಡ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಮೆಟ್ಟಿಲು ಹತ್ತುವಾಗ ಅಪ್ಪನ ಮಂಡಿ ಗೊಣಗುತ್ತದೆ, ಅಪ್ಪ ಗೊಣಗುವುದಿಲ್ಲ. "ಎಲ್ಲಾ ಮೊದಲಿನ ಹಾಗೆ ಮಾಡೋವರೆಗೂ ಫೋನ್ ಮಾಡ್ಬೇಡ, ಮೆಸೇಜೂ ಮಾಡ್ಬೇಡ" ಎಂದು ಕಳಿಸಿದ್ದೆಯಲ್ಲ, ಅದರಲ್ಲಿ ಕಾಗದ ಬರೆಯಬೇಡ ಎಂದಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದಲ್ಲಿ ಇನ್ನೊಂದು ಅನುಕೂಲವೂ ಇದೆ. ನಾನು ಹೇಳಿ ಮುಗಿಸುವವರೆಗೆ ನೀನು ನಡುವೆ ಬಾಯಿ ಹಾಕಲು ಬರುವುದಿಲ್ಲ.

ಸುತ್ತಿ ಬಳಸುವುದು ನನಗೆ ಬಾರದು, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ನಾನು ಮೊದಲಿನ ಹಾಗೆ ಮಾಡುವುದಿಲ್ಲ. ತೆಗೆಸಿದ ಲಿಂಕ್‌ಗಳನ್ನು ಮತ್ತೆ ಹಾಕಿಸುವುದಿಲ್ಲ. ಮೊದಲಪುಟ ಎಂದು ನಾವು ಹೆಸರಿಟ್ಟ ನಿಮ್ಮ ಆಫೀಸಿನ ಆ ಮನುಷ್ಯ ಮತ್ತೆ ನಮ್ಮ ಬ್ಲಾಗಿಗೆ ಕೈ ಹಾಕುವುದೂ ಇಲ್ಲ. ಇಷ್ಟು ಓದಿ ಕಾಗದ ಹರಿಯಬೇಕೆನಿಸಿದರೆ ಹರಿ. ಆದರೆ ಹರಿದ ಮೇಲೆ ಜೋಡಿಸಿಕೊಂಡು ಓದುತ್ತೀಯ, ನಿನ್ನನ್ನು ನಾನು ಬಲ್ಲೆ.

ಬ್ಲಾಗ್ ಶುರುಮಾಡಿದವಳು ನೀನೇ. ಅದನ್ನು ನಾನು ಒಂದು ದಿನವೂ ಇಲ್ಲವೆಂದಿಲ್ಲ. ವಿಳಾಸ ಕೊಂಡವಳು ನೀನು, ಅಂಗಡಿ ಬಾಗಿಲಲ್ಲಿ ಅಪ್ಪನನ್ನು ನಿಲ್ಲಿಸಿ ಫೋಟೊ ತೆಗೆದವಳು ನೀನು, "ಒಂಚೂರು ನಗಿ ಅಪ್ಪಾ, ಪೊಲೀಸ್ ಸ್ಟೇಷನ್ ಫೋಟೊ ಥರ ಇದೆ" ಎಂದು ಅವರನ್ನು ನಗಿಸಿದವಳೂ ನೀನೇ. ನೀನು ಊರು ಬಿಟ್ಟ ಮೇಲೆ ಅಪ್ಪ ಯಂತ್ರ ಬಿಚ್ಚುತ್ತ ಹೇಳುತ್ತಿದ್ದರು, ನಾನು ಪಕ್ಕದ ಸ್ಟೂಲಿನಲ್ಲಿ ಕೂತು ಟೈಪ್ ಮಾಡುತ್ತಿದ್ದೆ. ಶಾಲೆಯ ಬೆಂಚಿನ ಮೇಲೆ ಅರ್ಧ ಗಂಟೆ ಕೂರಲಾಗದವನು ಆ ಮೂರು ಕಾಲಿನ ಸ್ಟೂಲಿನ ಮೇಲೆ ಮಧ್ಯಾಹ್ನವೆಲ್ಲ ಕೂರುತ್ತಿದ್ದೆ. ಹೊಲಿಗೆ ಯಂತ್ರ ಹೊತ್ತು ಯಾರೇ ಬಂದರೂ ಅಪ್ಪ ಮೊದಲು ಕೇಳುವುದು ಒಂದೇ ಮಾತು: "ಏನು ಸದ್ದು ಮಾಡುತ್ತೆ?" ಬಂದವರು ನಾಚಿಕೊಂಡು, ಅತ್ತಿತ್ತ ನೋಡಿ, ಕೊನೆಗೆ ಬಾಯಲ್ಲೇ ಸದ್ದು ಮಾಡಿ ತೋರಿಸುವರು. ಬ್ಲಾಗನ್ನೂ ನಾವು ಹಾಗೇ ಬರೆದೆವು. "ಟಕ್ ಟಕ್ ಎಂದು ಬಡಿದರೆ" ಒಂದು, "ಕಿರ್ ಕಿರ್ ಎಂದರೆ" ಒಂದು, "ಗರ್ರ್ ಎಂದು ಸಿಕ್ಕಿಕೊಂಡರೆ" ಇನ್ನೊಂದು. ಓದಿ ನೀನು, "ಇದು ರಿಪೇರಿ ಅಂಗಡಿನೋ, ಹಕ್ಕಿ ಸಾಕೋ ಜಾಗಾನೋ?" ಎಂದು ನಕ್ಕಿದ್ದೆ. ಓದುವವರು ಬೆರಳೆಣಿಕೆಯಷ್ಟೇ. ಪಾಪ ಅಪ್ಪನ ಕೆಲಸ ನಾಲ್ಕು ಜನಕ್ಕೆ ಗೊತ್ತಾಗಲಿ ಎಂದು ನೀನು, ಬ್ಲಾಗುಗಳನ್ನು ಸರ್ಚ್‌ನಲ್ಲಿ ಮೇಲಕ್ಕೇರಿಸುವ ನಿನ್ನ ಆಫೀಸಿನಿಂದ ಮೊದಲಪುಟನನ್ನು ನಮಗೆ ಗಂಟು ಹಾಕಿದೆ. ಒಳ್ಳೆಯ ಮನಸ್ಸಿನಿಂದಲೇ ಹಾಕಿದೆ.

ಲಿಂಕ್ ಎಂದರೇನೆಂದು ಅಪ್ಪನಿಗೆ ನಾನು ಹೀಗೆ ವಿವರಿಸಿದ್ದೆ: ಬೇರೆಯವರು ತಮ್ಮ ಪುಟದಲ್ಲಿ ನಮ್ಮ ಕಡೆಗೆ ಬೆರಳು ತೋರಿಸುವುದು. ಬೆರಳು ಹೆಚ್ಚಾದಷ್ಟೂ ಸರ್ಚ್‌ನಲ್ಲಿ ನಾವು ಮೇಲಕ್ಕೆ. "ಕೆಲಸ ಚೆನ್ನಾಗಿದ್ರೆ ತೋರಿಸ್ತಾರೆ ಬಿಡು" ಎಂದಿದ್ದರು ಅಪ್ಪ. ಆಗ ಮೊದಲಪುಟ ಫೋನಿನ ಸ್ಪೀಕರಿನಲ್ಲಿದ್ದ. "ಕಾಯ್ತಾ ಕೂತ್ರೆ ಯಾರೂ ತೋರಿಸಲ್ಲ ಸಾರ್, ಬೆರಳನ್ನೂ ನಾವೇ ನೆಡಬೇಕು" ಎಂದ. ಅಪ್ಪ ಸ್ಕ್ರೂಡ್ರೈವರ್ ಕೆಳಗಿಟ್ಟು ತಮ್ಮ ಬೆರಳುಗಳನ್ನು ಒಮ್ಮೆ ನೋಡಿಕೊಂಡರು. ಅವನು ನೆಟ್ಟ. ಸದ್ದುಗಳ ತಲೆಬರಹ ಕಿತ್ತು "ನಿಮಗೆ ತಿಳಿದಿರಲೇಬೇಕಾದ ಹತ್ತು ಗುಟ್ಟುಗಳು" ಎಂದು ಹಾಕಿದ. ಎರಡು ಸಾಲಿಗೊಮ್ಮೆ "ಅತ್ಯುತ್ತಮ ಹೊಲಿಗೆ ಯಂತ್ರ ರಿಪೇರಿ" ಎಂದು ತುರುಕಿದ. ಅಪ್ಪ ಅದನ್ನು ಗಟ್ಟಿಯಾಗಿ ಓದಿ, "ಇದೇನೋ ಇದು, ಜಪ ಮಾಡ್ದಂಗಿದೆ?" ಎಂದರು. ಆದರೂ ಸುಳ್ಳು ಹೇಳುವುದಿಲ್ಲ, ಸರ್ಚ್‌ನ ಮೊದಲ ಪುಟದಲ್ಲಿ ನಮ್ಮ ಅಂಗಡಿಯ ಹೆಸರು ಕಂಡ ದಿನ ನಾನು ಅಮ್ಮನ ಕೈ ಹಿಡಿದು ಅಡುಗೆಮನೆಯಲ್ಲಿ ಕುಣಿದೆ. ಫೋನ್ ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ನೀನು ಎಷ್ಟು ಜಾಣೆ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದೆ.

ಆಮೇಲೆ ಸಮವಸ್ತ್ರ ಹೊಲಿಯುವ ಹೆಂಗಸೊಬ್ಬರು ಬಂದರು. ಮಗುವನ್ನು ಕೂರಿಸುವ ತಳ್ಳುಗಾಡಿಯಲ್ಲಿ ಯಂತ್ರವನ್ನಿಟ್ಟು, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ತಳ್ಳುತ್ತ ಬಂದಿದ್ದರು. ಅಪ್ಪ ಎಂದಿನಂತೆ ಏನು ಸದ್ದು ಮಾಡುತ್ತೆ ಎಂದರು. "ಸದ್ದೆಲ್ಲಿ ಬಂತು? ನೀವು ಹೇಳಿದ್ ಹಾಗೆ ಮಾಡ್ದೆ, ಉಸಿರೇ ನಿಂತೋಯ್ತು!" ಮುಚ್ಚಳ ತೆಗೆದರೆ ಒಳಗೆಲ್ಲ ಮೇಣದಂಥ ಹಳದಿ ಅಂಟು, ಕರಿದ ತಿಂಡಿಯ ವಾಸನೆ. ಆ ತಾಯಿ ತಮ್ಮ ಫೋನ್ ತೆಗೆದು ನನ್ನ ಮುಖಕ್ಕೆ ಹಿಡಿದರು. ನಾನು ಕಂಡೇ ಇರದ ಯಾವುದೋ ಪುಟ. ಅದರಲ್ಲಿ ನೀನು ತೆಗೆದ ಅಪ್ಪನ ಫೋಟೊ, ಕೆಳಗೆ ಅಪ್ಪನ ಹೆಸರಿನಲ್ಲೇ ಒಂದು ಲೇಖನ. ಯಂತ್ರ ಸದ್ದು ಮಾಡಿದರೆ ಎಲ್ಲಾ ತೂತುಗಳಿಗೂ ಅಡುಗೆ ಎಣ್ಣೆ ಧಾರಾಳವಾಗಿ ಬಿಡಿ, ಹೆಚ್ಚಿನ ಮಾಹಿತಿಗೆ ಇಲ್ಲಿ ಒತ್ತಿ. ಒತ್ತಿದರೆ ನಮ್ಮ ಬ್ಲಾಗ್. ಅಡುಗೆ ಎಣ್ಣೆ ಗಟ್ಟಿಯಾಗಿ ಯಂತ್ರವನ್ನೇ ಕಚ್ಚಿಕೊಳ್ಳುತ್ತದೆಂದು ನಮ್ಮ ಮನೆಯಲ್ಲಿ ನಿನಗೂ ಗೊತ್ತು, ನನಗೂ ಗೊತ್ತು. ಬರೆದ ಮೊದಲಪುಟನಿಗೆ ಮಾತ್ರ ಗೊತ್ತಿಲ್ಲ. ಅವನಿಗೆ ಬೇಕಿದ್ದದ್ದು ಕೊನೆಯ ಸಾಲಿನ ಲಿಂಕ್, ಮೇಲಿನದೆಲ್ಲ ಜಾಗ ತುಂಬುವ ಹುಲ್ಲು. ಅಪ್ಪ ಒಂದೊಂದೇ ಭಾಗ ಬಿಚ್ಚಿ, ಸೀಮೆಎಣ್ಣೆಯಲ್ಲಿ ನೆನೆಸಿ, ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜುತ್ತ ಇಡೀ ದಿನ ಕಳೆದರು. ಅದು ತಮ್ಮ ಮಾತಲ್ಲವೆಂದು ಅವರು ಹೇಳಬಹುದಿತ್ತು. ಹೇಳಲಿಲ್ಲ. ಫೋಟೊ ಅವರದೇ ಇತ್ತಲ್ಲ.

ನನಗೆ ತಡೆಯಲಾಗಲಿಲ್ಲ. ನಮ್ಮ ಕಡೆ ಬೆರಳು ತೋರಿಸುವ ಪುಟಗಳನ್ನೆಲ್ಲ ಹುಡುಕುತ್ತ ಕೂತೆ. ಮದುವೆ ಅಲಂಕಾರ, ಹಲ್ಲುನೋವು, ಹಳೆ ಕಾರು, ಎಲ್ಲೆಂದರಲ್ಲಿ ನಾವು. ಒಬ್ಬರು ಹದಿನಾಲ್ಕು ವರ್ಷ ಜೊತೆಗಿದ್ದ ತಮ್ಮ ನಾಯಿ ಸತ್ತಿತೆಂದು ಬರೆದಿದ್ದರು. ಬಾಗಿಲ ಬಳಿ ಅದರ ಬಟ್ಟಲು ಇನ್ನೂ ಇದೆ, ತೆಗೆಯಲು ಮನಸ್ಸು ಬರುತ್ತಿಲ್ಲ ಎಂದಿದ್ದರು. ಅದರ ಕೆಳಗೆ ಅಪ್ಪನ ಹೆಸರಿನಲ್ಲಿ ಒಂದು ಕಾಮೆಂಟ್: "ತುಂಬಾ ಉಪಯುಕ್ತ ಮಾಹಿತಿ! ಹೀಗೇ ಬರೆಯುತ್ತಿರಿ. ಅತ್ಯುತ್ತಮ ಹೊಲಿಗೆ ಯಂತ್ರ ರಿಪೇರಿಗೆ ಇಲ್ಲಿ ಒತ್ತಿ." ಹೇಳಬೇಡವೋ ಎಂದು ಅಮ್ಮ ಕಣ್ಸನ್ನೆ ಮಾಡಿದಳು. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲವೆಂದು ನಿನಗೆ ಗೊತ್ತಲ್ಲ. ಅಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸಾವಿನ ಮನೆ ಬಾಗಿಲಲ್ಲಿ ನಿಂತು ನಾನು ಅಂಗಡಿ ಚೀಟಿ ಹಂಚಿದ್ದೀನಾ?" ಎಂದು ಕೇಳಿದರು. ಅದಕ್ಕೆ ನೀನು ಏನು ಉತ್ತರ ಕೊಡುತ್ತಿದ್ದೆ ಅಕ್ಕಾ? ನಿಜವಾಗಿಯೂ ತಿಳಿಯಬೇಕೆಂದೇ ಕೇಳುತ್ತಿದ್ದೇನೆ.

ಅಂದಿನಿಂದ ನಾನು ಮಾಡಿದ್ದೆಲ್ಲ ನಿನ್ನ ಕಣ್ಣಿಗೆ ಬಿದ್ದಿದೆ. ಪ್ರತಿಯೊಬ್ಬರಿಗೂ ಬರೆದು ಲಿಂಕ್ ತೆಗೆಸಿದೆ. ಕೆಲವರು ಬೈದರು, ಕೆಲವರು ತೆಗೆಯಬೇಕಾದರೆ ಏನು ಕೊಡುತ್ತೀಯ ಎಂದರು. ನಾಯಿಯ ಯಜಮಾನರು, "ಇದನ್ನೆಲ್ಲ ಯಾವುದೋ ಯಂತ್ರ ಬರೆಯುತ್ತೆ ಅಂದ್ಕೊಂಡಿದ್ದೆ, ಹಿಂದೆ ಮನುಷ್ಯರೂ ಇದ್ದೀರಾ" ಎಂದು ಉತ್ತರಿಸಿದರು. ಯಾರೂ ದಿಕ್ಕಿಲ್ಲದ ಹಾಳು ಪುಟಗಳನ್ನು ಪಟ್ಟಿ ಮಾಡಿ, ಇವು ನಮ್ಮ ಪರವಾಗಿ ಲೆಕ್ಕಕ್ಕೆ ಬೇಡ ಎಂದು ಸರ್ಚ್‌ನವರಿಗೇ ಕಳಿಸಿದೆ. ಅಪ್ಪನ ಸದ್ದುಗಳನ್ನು ಮತ್ತೆ ತಲೆಬರಹಕ್ಕೆ ತಂದೆ. ನಾವು ದಬದಬ ಕೆಳಗೆ ಬಿದ್ದೆವು. ನಮ್ಮನ್ನು ನಾವೇ ಹುಡುಕಿದರೂ ಸಿಗದಷ್ಟು ಕೆಳಗೆ. ಅಂಗಡಿಗೆ ಕೆಲಸ ಕಡಿಮೆಯಾಗಿದೆ, ಅದನ್ನೂ ಮುಚ್ಚಿಡುವುದಿಲ್ಲ. "ಫೋನಿಗೇನಾದ್ರೂ ಶೀತ ಆಗಿದ್ಯೇನೋ, ಬಾಯೇ ಬಿಡ್ತಿಲ್ಲ" ಎನ್ನುತ್ತಾಳೆ ಅಮ್ಮ. ಆಗಲೇ ನಿನ್ನ ಮೆಸೇಜು ಬಂದದ್ದು. "ಶಾಲೆ ಬಿಟ್ಟೋನು ನನಗೆ ನನ್ನ ಕೆಲಸ ಕಲಿಸ್ಬೇಡ. ತಿಂಗಳೊಳಗೆ ಸರಿಮಾಡು. ಇಲ್ಲಾಂದ್ರೆ ವಿಳಾಸ ನನ್ನ ಹೆಸರಲ್ಲಿದೆ, ಬ್ಲಾಗನ್ನೇ ಅವನ ಕೈಗೆ ಕೊಟ್ಬಿಡ್ತೀನಿ."

ಹೌದು, ಶಾಲೆ ಬಿಟ್ಟವನೇ. ಶಾಲೆಯವರು ಓಡಿಸಿದ್ದಲ್ಲ, ನಾನೇ ಬಿಟ್ಟದ್ದು. ಸಾಯುವವರೆಗೂ ಚುಚ್ಚುವುದಿದ್ದರೆ ಚುಚ್ಚು, ಈ ಚರ್ಮಕ್ಕೆ ಈಗ ತಾಗುವುದಿಲ್ಲ. ಆದರೆ ನೀನು ಮೆಸೇಜ್ ನಿಲ್ಲಿಸಿದ ಮೇಲೆ ಇಲ್ಲಿ ನಡೆದದ್ದು ನಿನಗೆ ಗೊತ್ತಿಲ್ಲ. ಚೀಲ ಹೊಲಿಯುವವನೊಬ್ಬ ತನ್ನ ಬ್ಲಾಗಿನಲ್ಲಿ ನಮ್ಮನ್ನು ಝಾಡಿಸಿ ಬರೆದ. "ಗರ್ರ್ ಎಂದು ಸಿಕ್ಕಿಕೊಂಡರೆ ಚಕ್ರವನ್ನು ನಿಧಾನ ಹಿಂದಕ್ಕೆ ತಿರುಗಿಸಿ ಎನ್ನುತ್ತಾರೆ ಈ ಅಂಗಡಿಯವರು. ತಿರುಗಿಸಿದೆ. ದಾರ ಒಳಗೆ ಸುತ್ತಿಕೊಂಡು ಗಂಟಾಯಿತು. ಮೊದಲು ದಾರ ತೆಗೆಯಿರಿ ಎಂದು ಹೇಳಲು ಇವರಿಗೆ ಬಾಯಿಗೇನಾಗಿತ್ತು? ನೀವೇ ಓದಿ ನೋಡಿ." ಕೆಳಗೆ ಲಿಂಕ್. ಯಾರೂ ನೆಡದೆ ನಮಗೆ ಬಂದ ಮೊದಲ ಲಿಂಕ್ ಅಕ್ಕಾ, ಅದೂ ಬೈಗುಳದ ಜೊತೆ! ನಾನು ರೇಗಿ ಉತ್ತರ ಬರೆಯಲು ಹೊರಟೆ. ಅಪ್ಪ ತಡೆದು, ತಮ್ಮ ಯಂತ್ರದ ಮುಂದೆ ಕೂತು, ಚಕ್ರ ಹಿಂದಕ್ಕೆ ತಿರುಗಿಸಿ ತೋರಿಸಲು ಹೋದರು. ಅದಕ್ಕೆ ಮೊದಲೇ ಅವರ ಎಡಗೈ ತಾನಾಗಿ ಸೂಜಿಯ ದಾರವನ್ನು ಎಳೆದು ತೆಗೆದಿತ್ತು. ಅವರಿಗೇ ಅದು ಗೊತ್ತಾಗಿರಲಿಲ್ಲ. ಇಷ್ಟು ವರ್ಷವೂ ಕೈ ಮಾಡುತ್ತಿತ್ತು, ಬಾಯಿ ಹೇಳುತ್ತಿರಲಿಲ್ಲ. ಬಾಯಿ ಹೇಳಿದ್ದನ್ನಷ್ಟೇ ನಾನು ಟೈಪ್ ಮಾಡಿದ್ದೆ. "ಹೌದಲ್ವೋ! ಆ ಮಹಾರಾಯ ಸರಿಯಾಗೇ ಬೈದಿದ್ದಾನೆ" ಎಂದು ಅಪ್ಪ ಜೋರಾಗಿ ನಕ್ಕರು. ಫೋಟೊದಲ್ಲಿ ನೀನು ಕಷ್ಟಪಟ್ಟು ತರಿಸಿದ ನಗುವಲ್ಲ, ಬೇರೆ ನಗು.

ತಪ್ಪು ತಿದ್ದಿ, ತೋರಿಸಿಕೊಟ್ಟವರು ಯಾರೆಂದು ಮೇಲೆಯೇ ಬರೆದು, ಅವನ ಪುಟಕ್ಕೂ ಲಿಂಕ್ ಕೊಟ್ಟೆವು. ಅವನು ತನ್ನ ಬೈಗುಳದ ಕೆಳಗೆ "ತಿದ್ದಿದ್ದಾರೆ, ಈಗ ಓದಬಹುದು" ಎಂದಷ್ಟೇ ಸೇರಿಸಿದ. ಬೈಗುಳವನ್ನು ತೆಗೆಯಲಿಲ್ಲ, ತೆಗೆಯೆಂದು ನಾವೂ ಕೇಳಲಿಲ್ಲ. ಅವನ ಓದುಗರು ಒಬ್ಬಿಬ್ಬರು ಬರುತ್ತಿದ್ದಾರೆ. ಬಂದವರು ನಿಲ್ಲುತ್ತಾರೆ, ಕೇಳುತ್ತಾರೆ, ಜಗಳವಾಡುತ್ತಾರೆ. ಇದರಿಂದ ನಾವು ಮೊದಲ ಪುಟಕ್ಕೆ ಏರುತ್ತೇವೆಂದು ನಾನು ಹೇಳುತ್ತಿಲ್ಲ. ಏರದೆಯೂ ಇರಬಹುದು. ಆದರೆ ಯಂತ್ರ ಹಾಳುಮಾಡಿಕೊಂಡವರ ಮುಂದೆ, ನಾಯಿ ಸತ್ತವರ ಮುಂದೆ ಅಪ್ಪನ ಮುಖವನ್ನಿಟ್ಟು ಸಿಗುವ ಮೊದಲ ಪುಟ ನನಗೆ ಬೇಡ. ಗಲ್ಲಿ ಮೂಲೆಯ ಅಂಗಡಿಯನ್ನು ಹೇಗೆ ಮೇಲಕ್ಕೆತ್ತಿದೆವು ನೋಡಿ ಎಂದು ನಿಮ್ಮ ಆಫೀಸಿನವರು ಹೊಸ ಗಿರಾಕಿಗಳಿಗೆ ನಮ್ಮನ್ನೇ ತೋರಿಸುತ್ತಾರಂತೆ. ನಿನಗೆ ಅಲ್ಲಿ ಮುಖಭಂಗವಾಗಿರುತ್ತದೆ, ಅದಕ್ಕೆ ನನಗೆ ಬೇಸರವಿದೆ. ಬೇಸರವಿದೆ ಎಂದ ಮಾತ್ರಕ್ಕೆ ಬಗ್ಗುತ್ತೇನೆ ಎಂದುಕೊಳ್ಳಬೇಡ. ಅವರು ಕೇಳಿದರೆ, ನನ್ನ ತಮ್ಮ ಮೊಂಡ, ಯಾರ ಮಾತೂ ಕೇಳುವುದಿಲ್ಲ ಎಂದು ನನ್ನ ಮೇಲೆ ಹಾಕಿಬಿಡು. ಅದರಲ್ಲಿ ಸುಳ್ಳೇನೂ ಇಲ್ಲ.

ಅಪ್ಪ ಅಮ್ಮನ ಆಶೀರ್ವಾದ ಎಂದಿನ ಹಾಗೆ ನಿನ್ನ ತಲೆಯ ಮೇಲಿದೆ, ನನ್ನ ಮೇಲಿನ ಸಿಟ್ಟಿಗೆ ಅದನ್ನು ದೂರ ತಳ್ಳಬೇಡ. ನನ್ನ ನಮಸ್ಕಾರ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಬಗ್ಗದ ತಮ್ಮ,
ಪಾದರಸ

ಮರೆತಿದ್ದೆ, ಅಲ್ಲ, ಮರೆತಿರಲಿಲ್ಲ, ಬರೆಯಲು ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡಿದ್ದೆ: ನಿನ್ನೆ ಬ್ಲಾಗನ್ನು ಹೊಸ ವಿಳಾಸಕ್ಕೆ ಸಾಗಿಸಿದ್ದೇನೆ. ಅದು ಅಪ್ಪನ ಹೆಸರಿನಲ್ಲಿದೆ, ಅಪ್ಪನನ್ನು ಕೇಳಿಯೇ ಮಾಡಿದ್ದು. ಹಳೆಯ ವಿಳಾಸದಲ್ಲಿ ಅವರ ಮಾತು, ಹೆಸರು, ಮುಖ ಯಾವುದೂ ಉಳಿದಿಲ್ಲ. ಅದು ನಿನ್ನದು, ಮೊದಲಪುಟನಿಗೆ ಕೊಡುವುದಾದರೆ ಖಾಲಿ ಮನೆ ಕೊಡು. ಹೊಸದಕ್ಕೆ ಇನ್ನೂ ಯಾರ ಬೆರಳೂ ಇಲ್ಲ, ಚೀಲ ಹೊಲಿಯುವವನದೂ ಹಳೆಯದರ ಕಡೆಗೇ ಇದೆ, ಸರ್ಚ್‌ನಲ್ಲಿ ಕಾಣಿಸಿಕೊಳ್ಳಲು ಇನ್ನೂ ಕೆಲವು ವಾರ ಬೇಕು. ವಿಳಾಸವನ್ನು ಇಲ್ಲಿ ಬರೆಯೋಣವೇ ಎಂದರೆ ಅಪ್ಪ, "ಬೇಡ, ಅವಳೇ ಹುಡುಕ್ಲಿ" ಎಂದರು. ಅದಕ್ಕೇ ಬರೆದಿಲ್ಲ. ಹುಡುಕು ಅಕ್ಕಾ. ಮೊದಲ ಪುಟದಲ್ಲಿ ಇರುವುದಿಲ್ಲ, ಎರಡನೆಯದರಲ್ಲೂ ಇರುವುದಿಲ್ಲ. ಕೆಳಗೆ ಇಳಿಯುತ್ತಾ ಬಾ, ಇರುತ್ತೇವೆ.