ರೈಲಿನ ಬಾಗಿಲಲ್ಲಿ ಕಂಡವನು

ಹಾಸನ, ಸೋಮವಾರ, ೧೯೪೨

ಅಣ್ಣಯ್ಯನಿಗೆ ತಂಗಿ ನೀಲಾಂಬಿಕೆಯ ಶರಣು. ನನ್ನ ಕೆಮ್ಮು ಇಳಿದಿದೆ, ಕಷಾಯದ ಪುಡಿ ಕಳಿಸಬೇಡ.

ಯುದ್ಧಕ್ಕೆ ಅಂತ ಪಟಾಲಮ್ಮಿಗೆ ಸೇರಿದವರು ಹೊರಟ ರೈಲನ್ನು ನಮ್ಮ ಯಜಮಾನರು ಮೊನ್ನೆ ಫೋಟೋ ತೆಗೆದರು. ಹೋದ ಸಲ ಸಿಗ್ನಲ್ ಕಂಬ ಇಂಜಿನ್ನಿನ ತಲೆ ಮೇಲೆ ಕೊಂಬಿನ ಹಾಗೆ ಎದ್ದಿತ್ತು. ಈ ಸಲ ಪಕ್ಕಕ್ಕೆ ಸರಿದು, ಇಂಜಿನ್ನಿನ ಮುಂದೆ ಓಡೋಕೆ ಜಾಗ ಬಿಟ್ಟು ತೆಗೆದಿದ್ದಾರೆ. ಬಾಗಿಲಿಂದ ಒಬ್ಬ ಆಚೆಗೆ ಬಗ್ಗಿರೋದೊಂದೇ ಕುಂದು. "ಅವನನ್ನ ಕೆರೆದುಬಿಡು ಕಣೆ, ಪಟ ನೆಟ್ಟಗಾಗುತ್ತೆ" ಅಂತ ನೆಗೆಟಿವ್ ಇರೋ ಗಾಜಿನ ಪ್ಲೇಟನ್ನೂ ಚಾಕುವನ್ನೂ ನನ್ನ ಕೈಗೆ ಕೊಟ್ಟರು. ಗಾಜಿನಲ್ಲಿ ಕೆರೆದ ಜಾಗ ಪಟದಲ್ಲಿ ಬಾಗಿಲ ಕತ್ತಲೆ ಹಾಗೆ ಬರೀ ಕಪ್ಪಾಗುತ್ತೆ.

ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ಆ ಮನುಷ್ಯ ಟವಲಿನ ತುದಿಯನ್ನ ಹಲ್ಲಲ್ಲಿ ಕಚ್ಚಿಕೊಂಡಿದ್ದಾನೆ, ಥೇಟ್ ನಮ್ಮ ತಮ್ಮ ಷಡಕ್ಷರಿ ಹಾಗೆ. ಎತ್ತು ತರೋಕೆ ಚನ್ನರಾಯಪಟ್ಟಣಕ್ಕೆ ಹೋಗಿದ್ದಾನೆ ಅಂತ ಬರೆದಿದ್ದೆಯಲ್ಲ, ವಾಪಸು ಬಂದನಾ?

ಇದನ್ನ ಅವ್ವನಿಗೆ ಓದಿ ಹೇಳಬೇಡ. ಚಾಕು ಮೊಂಡಾಗಿದೆ ಅಂತ ಇವರಿಗೆ ನೆಪ ಹೇಳಿಕೊಂಡು ಕೂತಿದ್ದೀನಿ. ಅವನು ಮನೇಲಿದ್ದಾನೆ ಅಂತ ನೀನು ಬರೆದರೆ ಸಾಲದು. ಅವನ ಕೈಯಲ್ಲೇ ಒಂದು ಸಾಲು ಬರೆಸಿ ಕಳಿಸು. ಆಮೇಲೆ ಕೆರೀತೀನಿ.