ಮೇಜರ್ ಬರೆದ ಗುರುವಾರ

ಅಲ್ ಖೋಬರ್
೧೪ ನವೆಂಬರ್ ೨೦೨೫

ಮಗಳು ಜಸ್ನಾಳ ಉಪ್ಪನಿಗೆ, ಅವಳ ಉಮ್ಮ ರಮ್ಲತಳ ಸಲಾಂ.

ನೀವು ನನ್ನ ಫೋನ್ ಎತ್ತದೆ ಎರಡು ವರ್ಷವಾಯಿತು. ಅದಕ್ಕೇ ಊರಿಗೆ ಹೊರಟ ನಿಮ್ಮ ಜೊತೆಗಾರ ರಝಾಕನ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ಹರಿದು ಹಾಕುವುದಿದ್ದರೆ ಪೂರ್ತಿ ಓದಿದ ಮೇಲೆ ಹರಿಯಿರಿ.

ಇಲ್ಲಿನ ನಮ್ಮ ಕೂಲಿ ಕ್ಯಾಂಪಿನ ಸೆಕ್ಯುರಿಟಿ ಮುಖ್ಯಸ್ಥನಾಗಿದ್ದ ಮೇಜರ್ ಡುವಾರ್ತೆ ಈಗ ಪೋರ್ಚುಗಲ್‌ನಲ್ಲಿ ಒಂದು ಪಕ್ಷದ ನಾಯಕ. ಚುನಾವಣೆಗೆಂದು ಆತ್ಮಕಥೆ ಬರೆದಿದ್ದಾನೆ. ಜಸ್ನಾ ಫೋನಿನ ಆ್ಯಪ್‌ನಲ್ಲೇ ಅದನ್ನು ಇಂಗ್ಲಿಷಿಗೆ ತಿರುಗಿಸಿ ನನಗೆ ಓದಿ ಹೇಳಿದಳು. ಬಡವರ ಮನೆಯ ಹುಡುಗ, ಸೈನ್ಯದ ಶಿಸ್ತು, ಮರುಭೂಮಿಯಲ್ಲಿ ಕೂಲಿಗಳ ರಕ್ಷಕ, ಎಲ್ಲ ಇದೆ. ನಮ್ಮ ಕ್ಯಾಂಪಿಗೆ ಬೆಂಕಿ ಬಿದ್ದದ್ದಕ್ಕೂ ಒಂದು ಅಧ್ಯಾಯ. ಮೂವರನ್ನು ಹೊತ್ತು ತಂದವನು ಅವನಂತೆ. ಹಿಂಬಾಗಿಲಿಗೆ ಬೀಗ ಜಡಿದು ಅಡುಗೆಯ ಶರೀಫನ ಸಾವಿಗೆ ಕಾರಣನಾದವನು ನಝೀಮ್ ಎಂಬ ಬೇಜವಾಬ್ದಾರಿ ಕಾವಲುಗಾರನಂತೆ, ಅಂದರೆ ನೀವು.

ಹೊತ್ತು ತಂದವರು ನೀವು. ನಿಮ್ಮ ಸುಟ್ಟ ಅಂಗೈಗೆ ಕ್ಲಿನಿಕ್ಕಿನಲ್ಲಿ ಮುಲಾಮು ಹಚ್ಚಿದ ನರ್ಸ್ ನಾನೇ. ಕೆಲಸದವರು ಹಿಂದಿನಿಂದ ಪೇಟೆಗೆ ಹೋಗುತ್ತಾರೆಂದು ತಾನೇ ಬೀಗ ಹಾಕಿ ಕೀ ಜೇಬಿಗಿಳಿಸಿದವನು ಅವನು. ಆದರೂ ಕೆಲಸ ಕಳೆದುಕೊಂಡು ಊರಿಗೆ ಹೋದವರು ನೀವು. ಶರೀಫನ ತಾಯಿ ಬೀಬಿ ಉಮ್ಮ ಇವತ್ತಿಗೂ ನಿಮ್ಮ ಸಲಾಮಿಗೆ ಉತ್ತರ ಕೊಡುವುದಿಲ್ಲವೆಂದು ಕೇಳಿದ್ದೇನೆ.

ಸಾಕ್ಷಿಗೆಂದು ಮೇಜರ್, ಯಾವ ಬಾಗಿಲಿಗೆ ಯಾವಾಗ ಬೀಗ ಹಾಕಿದಿರೆಂದು ನೀವು ಬರೆದಿಡುತ್ತಿದ್ದ ಕೀ ಪುಸ್ತಕದ ಪುಟದ ಫೋಟೋವನ್ನೂ ಅಚ್ಚು ಹಾಕಿಸಿದ್ದಾನೆ. ಗುರುವಾರ, ಸಂಜೆ ೭.೧೫, ಹಿಂಬಾಗಿಲು, ನಝೀಮ್. ನೋಡಿ ಮೊದಲು ನಗು ಬಂತು, ಆಮೇಲೆ ಮೈಯೆಲ್ಲ ಉರಿಯಿತು. ಸೂರ್ಯ ಮುಳುಗಿ ಮಗ್ರಿಬ್ ಬಾಂಗ್ ಆದ ಮೇಲೆ ನೀವು ಯಾವತ್ತೂ ಅದೇ ವಾರ ಬರೆದವರಲ್ಲ. ರಝಾಕ್ ತಮಾಷೆ ಮಾಡಿದರೆ ಹೇಳುತ್ತಿದ್ದಿರಿ: "ಬಾಂಗ್ ಆದ ಮೇಲೆ ಎಂತ ಗುರುವಾರ ಮಾರಾಯ? ನಮಗೆ ಶುಕ್ರವಾರ ಬಂತಲ್ಲ."

ಅದೇ ಪುಟದ ಮೇಲಿನ ಸಾಲುಗಳಲ್ಲಿ ತಾರೀಕು ಇಂಗ್ಲಿಷಿನದು, ವಾರ ನಿಮ್ಮದು. ಮಂಗಳವಾರ ಸಂಜೆಗೆ ಬುಧವಾರ, ಬುಧವಾರ ಸಂಜೆಗೆ ಗುರುವಾರ. ಬೆಂಕಿ ಬಿದ್ದ ಗುರುವಾರ ಸಂಜೆಗೆ ಮಾತ್ರ ಗುರುವಾರವೇ. ನಿಮ್ಮ ಅಕ್ಷರವನ್ನು ಚೆನ್ನಾಗಿಯೇ ಕದ್ದಿದ್ದಾನೆ. ನಮ್ಮ ದಿನ ಯಾವಾಗ ಶುರುವಾಗುತ್ತದೆಂದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

ಉಪ್ಪು ತಿಂದವನು ನೀರು ಕುಡಿಯಲೇಬೇಕು. ಪೋರ್ಚುಗಲ್‌ನ ಪತ್ರಕರ್ತೆಯೊಬ್ಬಳಿಗೆ ಜಸ್ನಾ ಎಲ್ಲವನ್ನೂ ವಿವರಿಸಿ ಕಳುಹಿಸಿದ್ದಾಳೆ. ಭಾನುವಾರ ಅಚ್ಚಾಗುತ್ತದಂತೆ. ಅವನನ್ನು ಅಲ್ಲಾಹನಿಗೆ ಬಿಟ್ಟುಬಿಡು ಎನ್ನುವಿರಿ, ನಿಮ್ಮ ಗುಣ ಗೊತ್ತು. ನನ್ನಿಂದಾಗದು. ಅವನು ವೇದಿಕೆಯ ಮೇಲೆ ನಿಂತಿರುವಾಗಲೇ ಯಾರಾದರೂ ಶರೀಫನ ಹೆಸರೆತ್ತಿ ಕೇಳಬೇಕು. ಆಗ ಅವನ ಬಾಯಿ ಒಣಗುವುದನ್ನು ನಾನು ಕಣ್ಣಾರೆ ನೋಡಬೇಕು.

ಇಂತಿ,
ರಮ್ಲತ್

ವಿ.ಸೂ.: ಆ ಆತ್ಮಕಥೆಯ ಮುಂದಿನ ಪುಟದಲ್ಲಿ ಇನ್ನೊಂದು ಕಾಗದದ ಫೋಟೋ ಇದೆ. ಬೀಗ ಹಾಕಿದ್ದನ್ನು ಗಂಡ ನನ್ನೆದುರು ಒಪ್ಪಿಕೊಂಡಿದ್ದಾನೆ ಎಂಬ ಹೇಳಿಕೆ. ಕೆಳಗಿನ ಸಹಿ ನನ್ನದು. ಹಾಕದಿದ್ದರೆ ಇಲ್ಲಿ ಉಳಿಯಲು ಬೇಕಾದ ನನ್ನ ಇಕಾಮಾ, ಮಗಳ ಶಾಲೆ ಎರಡೂ ಹೋಗುತ್ತವೆ ಎಂದಿದ್ದ ಮೇಜರ್. ಹಾಕಿದೆ. ಅದನ್ನು ಓದಿದ ದಿನದಿಂದ ಜಸ್ನಾ ನನ್ನಲ್ಲಿ ಮಾತಾಡುತ್ತಿಲ್ಲ. ಆ ಪುಟವನ್ನೂ, ಅದು ಸುಳ್ಳೆಂದು ನಾನೇ ಬರೆದುಕೊಟ್ಟದ್ದನ್ನೂ ಪತ್ರಕರ್ತೆಗೆ ಕಳುಹಿಸಿದಳು. ಭಾನುವಾರ ಅವನ ಹೆಸರಿನ ಜೊತೆ ನನ್ನದೂ ಬರುತ್ತದೆ. ಈ ಕಾಗದವನ್ನು ಬೀಬಿ ಉಮ್ಮನಿಗೆ ಓದಿ ಹೇಳಿ. ನನ್ನ ಭಾಗವನ್ನು ಬಿಡಬೇಡಿ.