ಕನಕನ ಕಡೆಗೊಂದು ಕಂಬಿ

ಮಾನ್ಯ ಪ್ರಾಂಶುಪಾಲರೇ,

ಉಪ್ಪಾರಹಳ್ಳಿಯ ನಮ್ಮ ಮನೆಯ ಮೆಟ್ಟಿಲ ಪಕ್ಕದ ಗೋಡೆಗೆ ಮತ್ತೊಮ್ಮೆ ಬಣ್ಣ ಬಳಿಸಲಾಗಿದೆ ಎಂಬ ಚಾರಿತ್ರಿಕ ಸಂಗತಿಯನ್ನು ತುಮಕೂರಿನ ಸಮಸ್ತ ನಾಗರಿಕರ ಗಮನಕ್ಕೆ ತರಲು ಹರ್ಷಿಸುತ್ತೇನೆ. ಗೋಡೆ ಕೊಳೆ ಮಾಡಿದವನು ನಾನು. ಮಾಡಿಸಿದ್ದು ತಮ್ಮ ಕಾಲೇಜು. ಅಲ್ಲಿನ ಹಳೇ ಕಟ್ಟಡದ ರೇಲಿಂಗ್ ಇಲ್ಲದ ಮೆಟ್ಟಿಲನ್ನು ಡಿಗ್ರಿ ಮುಗಿಯುವವರೆಗೂ ಗೋಡೆಗೆ ಭುಜ ಉಜ್ಜಿಕೊಂಡೇ ಹತ್ತಿದೆ. ಇವತ್ತಿಗೂ ಈ ಭುಜಕ್ಕೆ ಬೇರೆ ದಾರಿ ಗೊತ್ತಿಲ್ಲ. "ಮತ್ತೆ ರೇಲಿಂಗ್ ಯಾಕ್ರೀ ಹಾಕ್ಸಿದ್ದು, ಟವೆಲ್ ಒಣಗಾಕಕ್ಕಾ?" ಅಂತ ಹೆಂಡತಿ ಪ್ರಮೀಳಾ ಕೇಳ್ತಾಳೆ. ಉತ್ತರ ತಾವು ಕೊಡಬೇಕು.

ಹೋದ ತಿಂಗಳು ವಾಟ್ಸ್ಯಾಪಿನಲ್ಲಿ ತಮ್ಮ ಮನವಿ ಬಂತು. ಕಾಲೇಜಿಗೆ ಭವ್ಯ ಮಹಾದ್ವಾರ ಏಳಲಿದೆಯಂತೆ, ಹಳೇ ವಿದ್ಯಾರ್ಥಿಗಳು ಉದಾರವಾಗಿ ಕೊಡಬೇಕಂತೆ, ಕೊಟ್ಟವರ ಹೆಸರನ್ನು ಗ್ರಾನೈಟಿನಲ್ಲಿ ಕೆತ್ತಿಸುತ್ತೀರಂತೆ. ಕೊಡಲೋ ಬೇಡವೋ ಎಂದು ವಾರಗಟ್ಟಲೆ ಒದ್ದಾಡಿದೆ. ನಾನು ಇವತ್ತು ಉಣ್ಣುವ ಅನ್ನ ಆ ಕಾಲೇಜಿನದು, ಸುಳ್ಳಲ್ಲ. ಕೊನೆಗೆ ಚೆಕ್ ಬರೆದುಕೊಂಡೇ ಕಾಲೇಜಿಗೆ ಬಂದೆ. ಕಚೇರಿ ಇನ್ನೂ ಅದೇ ಮಹಡಿಯಲ್ಲಿ. ಮೆಟ್ಟಿಲಿಗೆ ರೇಲಿಂಗ್ ಇನ್ನೂ ಇಲ್ಲ. ಗೋಡೆಯ ಮೇಲೆ ಮಾತ್ರ ಭುಜದೆತ್ತರಕ್ಕೆ ಎಣ್ಣೆ ಬಳಿದಂಥ ಕರಿ ಪಟ್ಟೆ. ಅದರಲ್ಲಿ ನಮ್ಮ ಬ್ಯಾಚಿನ ಪಾಲೂ ಇದೆ.

ಅರ್ಧ ಹತ್ತಿದ್ದೆ. ಒಬ್ಬಳು ಹುಡುಗಿ ಇಳಿದು ಬರುತ್ತಿದ್ದಳು. ಮರ್ಯಾದೆಗೆ ಒಂಚೂರು ಅಂಚಿಗೆ ಸರಿದೆ ನೋಡಿ, ಕೂಗಿಕೊಂಡಳು:

"ಅಂಕಲ್, ಕನಕನ ಕಡೆ ಹೋಗ್ಬೇಡಿ! ಗೋಡೆ ಕಡೆ ಬನ್ನಿ, ನಾನೇ ವಾಪಸ್ ಹತ್ತೀನಿ."

ಗೋಡೆಗೆ ಅಂಟಿಕೊಂಡು ಕೇಳಿದೆ: "ಯಾರಮ್ಮ ಕನಕ?"

"ಗೊತ್ತಿಲ್ಲ ಅಂಕಲ್. ಸೀನಿಯರ್ಸ್ ಹೇಳ್ತಾರೆ. ಅಂಚಲ್ಲಿ ನಿಂತಿರ್ತಾನಂತೆ, ಹತ್ರ ಹೋದ್ರೆ ಎಳ್ಕೋತಾನಂತೆ."

ಮಾನ್ಯರೇ, ಕನಕರಾಜು ಯಾರನ್ನೂ ಎಳೆದವನಲ್ಲ. ಗುಬ್ಬಿ ಕಡೆಯ ಹಾಗಲವಾಡಿಯವನು, ನನ್ನ ಬೆಂಚಿನವನು. ಎದುರು ಯಾರೇ ಬಂದರೂ "ಮೊದ್ಲು ನೀವೋಗಿ, ನಂದೇನು ಅರ್ಜೆಂಟು" ಅಂತ ಗೋಡೆ ಬಿಟ್ಟುಕೊಡುತ್ತಿದ್ದ. ಒಂದು ಮಧ್ಯಾಹ್ನ ಗುಂಪಾಗಿ ಇಳಿದು ಬಂದ ಹುಡುಗಿಯರಿಗೆ ಹಾಗೇ ಗೋಡೆ ಬಿಟ್ಟು ಅಂಚಿಗೆ ಸರಿದವನು ಕೆಳಗೆ ಬಿದ್ದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದ. ಆಗಿನ ಪ್ರಾಂಶುಪಾಲರು ಉಗ್ರ ಕ್ರಮ ಕೈಗೊಂಡರು: "ಎಚ್ಚರಿಕೆಯಿಂದ ಹತ್ತಿರಿ" ಎಂಬ ಬೋರ್ಡು ಹಾಕಿಸಿದರು. ಈಗ ಆ ಬೋರ್ಡೂ ಇಲ್ಲ. ಅದರ ಜಾಗದಲ್ಲಿ ಕನಕನನ್ನೇ ನಿಲ್ಲಿಸಿಕೊಂಡಿದ್ದೀರಿ. ಸಂಬಳವಿಲ್ಲ, ರಜೆಯಿಲ್ಲ, ನಿವೃತ್ತಿಯಿಲ್ಲ. ಇಂಥ ಅಗ್ಗದ ರೇಲಿಂಗ್ ಇಡೀ ಜಿಲ್ಲೆಯಲ್ಲಿ ಬೇರೆ ಯಾವ ಸಂಸ್ಥೆಗೆ ಸಿಕ್ಕೀತು?

ಮೇಲೆ ಹೋಗಿ, ಈ ಹಣದಲ್ಲಿ ಮೆಟ್ಟಿಲಿಗೆ ರೇಲಿಂಗ್ ಹಾಕಿಸಿ ಅಂದೆ. ತಮ್ಮ ಸೂಪರಿಂಟೆಂಡೆಂಟ್ ಅನಂತರಾಜು ನಕ್ಕರು.

"ದ್ವಾರಕ್ಕೆ ಮಾತ್ರ ತಗೋತೀವಿ ಸಾರ್. ಆ ಬಿಲ್ಡಿಂಗ್ ಹೆಂಗೂ ಕೆಡವ್ತೀವಿ."

"ಯಾವಾಗ?"

"ನಾನು ಕೆಲ್ಸಕ್ಕೆ ಸೇರ್ದಾಗಿಂದ ಕೆಡವ್ತಾನೇ ಇದೀವಿ."

ಚೆಕ್ಕು ಜೇಬಿನಲ್ಲೇ ಉಳಿಯಿತು. ಬೀಳ್ಕೊಡಲು ಬಂದ ಅನಂತರಾಜು, ನಾನು, ಇಬ್ಬರೂ ಗೋಡೆ ಹಿಡಿದು ಇಳಿದೆವು. ಅಂಚಿನ ಕಡೆ ನೋಡುವ ಧೈರ್ಯ ಮಾತ್ರ ಬರಲಿಲ್ಲ. ಕನಕ ಅಲ್ಲಿ ನಿಂತಿದ್ದರೆ ಏನಂತ ಮಾತಾಡಿಸಲಿ?

ಆದ್ದರಿಂದ ನನ್ನ ತೀರ್ಮಾನ ಕೇಳಿ. ಕೊಡುತ್ತೇನೆ, ದ್ವಾರಕ್ಕಲ್ಲ. ಆ ಅಂಚಿಗೆ ಕಬ್ಬಿಣದ ಕಂಬಿ ಹಾಕಿಸಿ. ಕುಣಿಗಲ್ ರಸ್ತೆಯ ಯಾವ ವೆಲ್ಡಿಂಗ್ ಅಂಗಡಿಯವರಾದರೂ ಒಂದು ಭಾನುವಾರದಲ್ಲಿ ಮುಗಿಸುತ್ತಾರೆ. ಗ್ರಾನೈಟಿನಲ್ಲಿ ನನ್ನ ಹೆಸರು ಬೇಡ, ಕನಕನದೂ ಬೇಡ. ಅವನನ್ನು ಡ್ಯೂಟಿಯಿಂದ ಬಿಡಿಸಿ ಹಾಗಲವಾಡಿಗೆ ಕಳಿಸಿಕೊಡಿ, ಸಾಕು.

ಇಂತಿ,
ಗೋಡೆ ಹಿಡಿದೇ ಪದವೀಧರನಾದ ತಮ್ಮ ಹಳೇ ವಿದ್ಯಾರ್ಥಿ

ಮರೆತಿದ್ದೆ: ಇದನ್ನು ಓದುವವರಲ್ಲಿ ಆ ಮೆಟ್ಟಿಲು ಹತ್ತುವವರು ಯಾರಾದರೂ ಇದ್ದರೆ, ಮೇಲಿಂದ ಜನ ಇಳಿಯುವುದು ಕಂಡಾಗ ದಯವಿಟ್ಟು ಕೆಳಗೇ ನಿಂತು ಕಾಯಿರಿ. ಗೋಡೆ ಬಿಟ್ಟುಕೊಡುವ ಮರ್ಯಾದೆ ಮಾತ್ರ ಮಾಡಬೇಡಿ.